ಪದವೊಂದು, ಅರ್ಥ ಹಲವು
ನಿತ್ಯ ಬಳಕೆಯ ಇಂಗ್ಲಿಷ್ ಪದಗಳ ನಾನಾರ್ಥ ವಿಚಾರ

1993ರ ಮಾತು. ನಮ್ಮ ದೊಡ್ಡಪ್ಪನವರ ಕೊರಳಿನಲ್ಲಿ ಅಡಿಕೆ ಗಾತ್ರದ ಗಂಟೊಂದು ಕಾಣಿಸಿಕೊಂಡು, ಅದು ದಿನದಿಂದ ದಿನಕ್ಕೆ ಬೆಳೆಯತೊಡಗಿತ್ತು. ಪಟ್ಟಣದ ದವಾಖಾನೆಯಲ್ಲಿ ಆ ಗಂಟಿನ ಚೂರನ್ನು ತೆಗೆದು ಪರೀಕ್ಷೆಗೆ ಕಳುಹಿಸಿದ್ದರು. ವಾರದ ನಂತರ ಮೊಮ್ಮಗನು ಹೋಗಿ ವರದಿಯನ್ನು ತಂದನು. ವೈದ್ಯರು ಅಂದು ಪರಸ್ಥಳಕ್ಕೆ ಹೋಗಿದ್ದುದರಿಂದ ಅದನ್ನು ಓದಿ ಹೇಳುವವರು ಅಲ್ಲಿ ಯಾರೂ ಇರಲಿಲ್ಲ. ಊರಿಗೆ ಮರಳಿದ ಹುಡುಗನು ಪಡಸಾಲೆಯಲ್ಲಿ ಕುಳಿತು ತಾನೇ ಓದಿದನು. ಅದರಲ್ಲಿ ಅವನಿಗೆ ತಿಳಿದ ಪದ ಒಂದೇ ಒಂದು: ‘ನೆಗೆಟಿವ್’.

“ಏನ್ ಬರದಾರಪ್ಪಾ?” ಎಂದು ದೊಡ್ಡವ್ವ ಕೇಳಿದರು. ಹುಡುಗನು ತಲೆ ತಗ್ಗಿಸಿದನು. ಗಣಿತದಲ್ಲಿ ನೆಗೆಟಿವ್ ಎಂದರೆ ಸೊನ್ನೆಗಿಂತ ಕೆಳಗಿನದು. ಇಂಗ್ಲಿಷ್ ವಹಿಯಲ್ಲಿ ನೆಗೆಟಿವ್ ಎಂದರೆ ನಕಾರ, ಇಲ್ಲ, ಆಗದು. ಫೋಟೋ ಸ್ಟುಡಿಯೋದವರ ನೆಗೆಟಿವ್‌ನಲ್ಲಿ ಮುಖವೆಲ್ಲ ಕಪ್ಪು. ಹೇಗೆ ನೋಡಿದರೂ ಶುಭದ ಮಾತಲ್ಲ. “ಚಲೋ ಇಲ್ಲಂತ ಐತಿ, ಯವ್ವಾ” ಎಂದನು. ಅಂದು ರಾತ್ರಿ ಆ ಮನೆಯಲ್ಲಿ ಒಲೆ ಹೊತ್ತಲಿಲ್ಲ. ದೊಡ್ಡಪ್ಪನವರು ಮಾತ್ರ ಒಂದೂ ಮಾತನಾಡದೆ ಹೊಲದ ಕಾಗದಪತ್ರಗಳ ಗಂಟನ್ನು ಬಿಚ್ಚಿಕೊಂಡು ಕುಳಿತರಂತೆ.

ಮರುದಿನ ಮುಂಜಾನೆ ಸುದ್ದಿ ತಿಳಿದು ನಾನು ಓಡಿಹೋದೆ. ವರದಿಯನ್ನು ಕೈಗೆ ತೆಗೆದುಕೊಂಡು ಓದಿದಾಗ ಅಲ್ಲಿದ್ದುದು ‘ನೆಗೆಟಿವ್ ಫಾರ್ ಮ್ಯಾಲಿಗ್ನೆನ್ಸಿ’ ಎಂಬ ಮೂರು ಪದಗಳು. ಅರ್ಥವಿಷ್ಟೆ: ಪರೀಕ್ಷಿಸಿದ ಚೂರಿನಲ್ಲಿ ಅರ್ಬುದದ ಲಕ್ಷಣ ಕಂಡುಬಂದಿಲ್ಲ. ಆ ಮನೆಯವರು ಇಡೀ ರಾತ್ರಿ ಅತ್ತದ್ದು ಒಂದು ಶುಭವಾರ್ತೆಗಾಗಿ!

ಎಲ್ಲರೂ ನಕ್ಕರು, ನನಗೆ ಮಾತ್ರ ನಗು ಬರಲಿಲ್ಲ. ಏಕೆಂದರೆ ಆ ಹುಡುಗನು ಮೂರು ವರ್ಷ ನನ್ನ ತರಗತಿಯಲ್ಲಿ ಕುಳಿತು ಇಂಗ್ಲಿಷ್ ಕಲಿತವನು. ವಹಿಯ ಪುಟವನ್ನು ನಡುವೆ ಗೆರೆಯೆಳೆದು ಎರಡಾಗಿ ಸೀಳಿ, ಎಡಕ್ಕೆ ಪದ, ಬಲಕ್ಕೆ ಅರ್ಥ ಬರೆಸಿದವನು ನಾನೇ. ಒಂದು ಪದಕ್ಕೆ ಒಂದೇ ಅರ್ಥ. ಹುಡುಗನು ಕಲಿತದ್ದನ್ನು ಮರೆತಿರಲಿಲ್ಲ. ನಾನು ಕಲಿಸಿದ್ದೇ ಅರ್ಧವಾಗಿತ್ತು. ಅಂದಿನಿಂದ ಈ ವಿಷಯವನ್ನು ಕುರಿತು ಮನಸ್ಸಿನಲ್ಲಿ ಕೂಡಿಟ್ಟುಕೊಂಡು ಬಂದದ್ದರಲ್ಲಿ ಕೆಲವನ್ನು ಓದುಗರ ಮುಂದಿಡುತ್ತಿದ್ದೇನೆ.

ಚಿಕ್ಕ ಪದದ ದೊಡ್ಡ ಸಂಸಾರ

ಕಠಿಣವಾದ, ಉದ್ದನೆಯ ಇಂಗ್ಲಿಷ್ ಪದಗಳೇ ತೊಡಕನ್ನು ತರುತ್ತವೆಂದು ನಾವು ಭಾವಿಸುತ್ತೇವೆ. ವಸ್ತುಸ್ಥಿತಿ ಇದಕ್ಕೆ ವ್ಯತಿರಿಕ್ತವಾಗಿದೆ. ಉದ್ದನೆಯ ಪದಗಳಿಗೆ ಸಾಮಾನ್ಯವಾಗಿ ಒಂದೋ ಎರಡೋ ಅರ್ಥ. ಮಕ್ಕಳು ಮೊದಲ ವರ್ಷದಲ್ಲಿಯೇ ಕಲಿಯುವ ಪುಟ್ಟ ಪದಗಳಿಗೇ ಅರ್ಥಗಳ ದೊಡ್ಡ ಸಂಸಾರ.

ಇಂಗ್ಲಿಷ್ ಭಾಷೆಯ ಬಹುದೊಡ್ಡ ನಿಘಂಟು ಆಕ್ಸ್‌ಫರ್ಡಿನದು. ಅಂಥದೊಂದು ನಿಘಂಟು ಬೇಕೆಂಬ ವಿಚಾರವು 1857ರಲ್ಲಿ ಲಂಡನ್ನಿನ ಭಾಷಾಶಾಸ್ತ್ರ ಸಂಘದಲ್ಲಿ ಹುಟ್ಟಿತು. 1879ರಲ್ಲಿ ಜೇಮ್ಸ್ ಮರ್ರೆ ಅದರ ಸಂಪಾದಕತ್ವವನ್ನು ವಹಿಸಿಕೊಂಡರು. ಮೊದಲ ಭಾಗ 1884ರಲ್ಲಿ ಹೊರಬಂದಿತು. ಕಾರ್ಯ ಪೂರ್ಣಗೊಂಡದ್ದು 1928ರಲ್ಲಿ. ಅದನ್ನು ನೋಡುವ ಭಾಗ್ಯ ಮರ್ರೆಯವರಿಗಿರಲಿಲ್ಲ. ಅವರು 1915ರಲ್ಲಿಯೇ ತೀರಿಕೊಂಡಿದ್ದರು. 1989ರಲ್ಲಿ 20 ಸಂಪುಟಗಳಲ್ಲಿ ಬಂದ ಎರಡನೆಯ ಆವೃತ್ತಿಯಲ್ಲಿ ‘ಸೆಟ್’ ಎಂಬ ಒಂದು ಕ್ರಿಯಾಪದಕ್ಕೆ ಸುಮಾರು 430 ಅರ್ಥಗಳನ್ನು ಕೊಡಲಾಗಿತ್ತು. ಮುಂದಿನ ಪರಿಷ್ಕರಣೆಯಲ್ಲಿ ‘ರನ್’ ಎಂಬ ಕ್ರಿಯಾಪದವು ಅದನ್ನೂ ಹಿಂದಿಕ್ಕಿತು. ಅದರ ಅರ್ಥಗಳು 645 ಎಂದು 2011ರಲ್ಲಿ ಪ್ರಕಟವಾಯಿತು. ಮನುಷ್ಯನು ಓಡುತ್ತಾನೆ, ನೀರು ಹರಿಯುತ್ತದೆ, ಯಂತ್ರ ನಡೆಯುತ್ತದೆ, ಅಂಗಡಿ ಸಾಗುತ್ತದೆ, ಸೀರೆಯ ಬಣ್ಣ ಬಿಡುತ್ತದೆ, ಚುನಾವಣೆಗೆ ಅಭ್ಯರ್ಥಿ ನಿಲ್ಲುತ್ತಾನೆ. ಕನ್ನಡದಲ್ಲಿ ನಾವು ಬೇರೆ ಬೇರೆ ಕ್ರಿಯಾಪದಗಳಿಂದ ಹೇಳುವ ಈ ಎಲ್ಲಕ್ಕೂ ಇಂಗ್ಲಿಷಿನವರಿಗೆ ಮೂರಕ್ಷರದ ಆ ಒಂದೇ ಪದ ಸಾಕು.

ಬಂಡಿಯ ಹೊರೆಯಿಂದ ಬ್ಯಾಟರಿಯವರೆಗೆ

ಇಷ್ಟೊಂದು ಅರ್ಥಗಳು ಹುಟ್ಟುವುದಾದರೂ ಹೇಗೆ? ಮೊದಲನೆಯ ಬಗೆ, ಒಂದೇ ಬೇರಿನಿಂದ ಕೊಂಬೆಗಳು ಒಡೆಯುವುದು.

‘ಚಾರ್ಜ್’ ಎಂಬ ಪದವನ್ನು ನೋಡಿರಿ. ನಮ್ಮ ಹಳ್ಳಿಗರೂ ಇದನ್ನು ನಿತ್ಯ ಬಳಸುತ್ತಾರೆ. ಬಸ್ಸಿನ ಚಾರ್ಜ್ ಹೆಚ್ಚಾಯಿತು. ಮೊಬೈಲಿಗೆ ಚಾರ್ಜ್ ಇಲ್ಲ. ಹೊಸ ತಹಸೀಲ್ದಾರರು ಚಾರ್ಜ್ ತೆಗೆದುಕೊಂಡರು. ಪೊಲೀಸರು ಚಾರ್ಜ್‌ಶೀಟ್ ಹಾಕಿದರು. ಹಣ, ವಿದ್ಯುತ್ತು, ಅಧಿಕಾರ, ಆರೋಪ: ಇವುಗಳಿಗೆ ಪರಸ್ಪರ ಏನು ಸಂಬಂಧ? ಮೂಲಕ್ಕೆ ಹೋದರೆ ಅಲ್ಲಿ ಲ್ಯಾಟಿನ್ನಿನ ಒಂದು ಬಂಡಿ ನಿಂತಿದೆ. ಬಂಡಿಯನ್ನು ಸೂಚಿಸುವ ಪದದಿಂದ ‘ಹೊರೆ ಹೇರು’ ಎಂಬ ಕ್ರಿಯಾಪದವು ಹುಟ್ಟಿ, ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದಿತು. ಒಬ್ಬನ ಮೇಲೆ ಹಣದ ಹೊರೆ ಹೇರಿದರೆ ಅದು ಶುಲ್ಕ. ಕೆಲಸದ ಹೊರೆ ಹೇರಿದರೆ ಅಧಿಕಾರ. ಅಪರಾಧದ ಹೊರೆ ಹೇರಿದರೆ ಆರೋಪ. ಬ್ಯಾಟರಿಯೊಳಕ್ಕೆ ವಿದ್ಯುತ್ತನ್ನು ತುಂಬಿದರೆ ಚಾರ್ಜ್. ಕನ್ನಡಿಗರಾದ ನಾವೂ ‘ಜವಾಬ್ದಾರಿ ಹೊತ್ತರು’, ‘ಆರೋಪ ಹೊರಿಸಿದರು’ ಎನ್ನುತ್ತೇವಲ್ಲವೆ? ಎರಡು ದೂರದ ಭಾಷೆಗಳು ಒಂದೇ ಹೊರೆಯನ್ನು ಕಂಡು ಒಂದೇ ಬಗೆಯಾಗಿ ಯೋಚಿಸಿದವು.

ಹೊರೆ ಇಳಿಸುವುದು ‘ಡಿಸ್ಚಾರ್ಜ್’. ರೋಗಿಯನ್ನು ದವಾಖಾನೆಯಿಂದ ಬಿಟ್ಟುಕೊಡುವುದು, ನೌಕರನನ್ನು ಕೆಲಸದಿಂದ ತೆಗೆಯುವುದು, ಸಾಲ ತೀರಿಸುವುದು, ಗಾಯದಿಂದ ಕೀವು ಸೋರುವುದು, ಇವೆಲ್ಲವೂ ಆ ಒಂದೇ ಪದದ ಅರ್ಥಗಳು.

‘ಫಾಸ್ಟ್’ ಎಂಬ ಪದದ ಕಥೆ ಇನ್ನೂ ಸ್ವಾರಸ್ಯಕರ. ಅದರ ಮೊದಲ ಅರ್ಥ ವೇಗವಲ್ಲ. ಗಟ್ಟಿ, ದೃಢ, ಅಲುಗದ ಎಂಬುದು. ಬಟ್ಟೆಯ ಅಂಗಡಿಯವರು ‘ಫಾಸ್ಟ್ ಕಲರ್’ ಎಂದಾಗ ಬಣ್ಣವು ಬೇಗ ಹೋಗುತ್ತದೆಂದು ಯಾರೂ ತಿಳಿಯುವುದಿಲ್ಲ. ಬಣ್ಣ ಗಟ್ಟಿಯಾಗಿ ನಿಲ್ಲುತ್ತದೆಂದೇ ತಾಯಂದಿರು ಅರಿಯುತ್ತಾರೆ. ವ್ರತವನ್ನು ದೃಢವಾಗಿ ಹಿಡಿದು ಅನ್ನ ಬಿಡುವುದು ‘ಫಾಸ್ಟ್’, ಅಂದರೆ ಉಪವಾಸ. ರಾತ್ರಿಯ ಆ ಉಪವಾಸವನ್ನು ಮುಂಜಾನೆ ಮುರಿಯುವುದೇ ‘ಬ್ರೇಕ್‌ಫಾಸ್ಟ್’. ಗಟ್ಟಿಯಾಗಿ, ಬಲವಾಗಿ ಓಡುವುದರಿಂದ ಕೊನೆಗೆ ವೇಗದ ಅರ್ಥ ಬಂದಿತು. ಹೀಗೆ ಅಲುಗದಿರುವುದಕ್ಕೂ ಅತಿ ವೇಗವಾಗಿ ಚಲಿಸುವುದಕ್ಕೂ ಒಂದೇ ಪದವಾಯಿತು.

‘ಬುಕ್’ ಎಂದರೆ ಪುಸ್ತಕ. ರೈಲಿನ ಟಿಕೆಟ್ಟನ್ನು ಬುಕ್ ಮಾಡುವುದೂ, ಠಾಣೆಯಲ್ಲಿ ಕೇಸು ಬುಕ್ ಆಗುವುದೂ ಮೂಲತಃ ಪುಸ್ತಕದಲ್ಲಿ ಹೆಸರು ಬರೆದುಕೊಳ್ಳುವುದೇ. ‘ಕರೆಂಟ್’ ಎಂದರೆ ನಮಗೆ ವಿದ್ಯುತ್ತು. ಮೂಲದಲ್ಲಿ ಅದು ಹರಿಯುವುದು, ಓಡುವುದು. ಆದುದರಿಂದ ಹೊಳೆಯ ಸೆಳವೂ ಕರೆಂಟ್, ಸದ್ಯ ನಡೆಯುತ್ತಿರುವ ವಿದ್ಯಮಾನವೂ ಕರೆಂಟ್, ಬ್ಯಾಂಕಿನ ಚಾಲ್ತಿ ಖಾತೆಯೂ ಕರೆಂಟ್.

ಒಂದೇ ವೇಷದ ಇಬ್ಬರು

ಎರಡನೆಯ ಬಗೆ ಬೇರೆ. ಸಂಬಂಧವೇ ಇಲ್ಲದ ಎರಡು ಪದಗಳು ಕಾಲಾಂತರದಲ್ಲಿ ಸವೆದು ಒಂದೇ ರೂಪವನ್ನು ತಾಳುವುದುಂಟು. ಜಾತ್ರೆಯಲ್ಲಿ ಒಂದೇ ಬಣ್ಣದ ರುಮಾಲು ಸುತ್ತಿದ ಇಬ್ಬರನ್ನು ಕಂಡು ಅಣ್ಣತಮ್ಮಂದಿರೆಂದು ಭ್ರಮಿಸಿದಂತೆ ಇದು. ‘ಲೈಟ್’ ಎಂದರೆ ಬೆಳಕು. ‘ಲೈಟ್’ ಎಂದರೆ ಹಗುರ. ಹಳೆಯ ಇಂಗ್ಲಿಷಿನಲ್ಲಿಯೇ ಇವು ಬೇರೆ ಬೇರೆ ಮೂಲದವು. ಜೋಡಿಗೆ, ಪಂದ್ಯಕ್ಕೆ ಹೇಳುವ ‘ಮ್ಯಾಚ್’ ಇಂಗ್ಲಿಷಿನದೇ ಆದ ಹಳೆಯ ಪದ, ಜೊತೆಗಾರನೆಂದು ಅದರ ಅರ್ಥ; ಬೆಂಕಿಕಡ್ಡಿಗೆ ಹೇಳುವ ‘ಮ್ಯಾಚ್’ ದೀಪದ ಬತ್ತಿಯೆಂಬ ಅರ್ಥದ ಫ್ರೆಂಚ್ ಪದದಿಂದ ಬಂದದ್ದು.

‘ಬ್ಯಾಂಕ್’ ಎಂಬುದು ಇವೆರಡು ಬಗೆಗಳ ನಡುವಿನದು. ನದಿಯ ದಂಡೆ ಎಂಬ ಅರ್ಥವು ಸ್ಕ್ಯಾಂಡಿನೇವಿಯದವರಿಂದ ಬಂದಿತು. ಹಣದ ಬ್ಯಾಂಕು ಇಟಲಿಯಿಂದ ಬಂದಿತು. ಅಲ್ಲಿ ಹಣ ಬದಲಿಸುವವರು ಮುಂದಿಟ್ಟುಕೊಂಡು ಕೂಡುತ್ತಿದ್ದ ಮಣೆ ಅಥವಾ ಬೆಂಚಿಗೆ ಆ ಹೆಸರಿತ್ತು. ಬಹು ಹಿಂದೆ ಇವೆರಡಕ್ಕೂ ಒಂದೇ ಜರ್ಮಾನಿಕ್ ಮೂಲವಿದ್ದಿತು. ಅಗಲಿಹೋದ ದಾಯಾದಿಗಳು ಇಂಗ್ಲೆಂಡಿನಲ್ಲಿ ಮತ್ತೆ ಕೂಡಿದಂತಾಯಿತು.

ಇಂಥ ಕೂಟಕ್ಕೆ ಆ ದೇಶದ ಇತಿಹಾಸವೇ ಕಾರಣ. ಐದನೆಯ ಶತಮಾನದಿಂದ ಆಂಗ್ಲರು, ಸ್ಯಾಕ್ಸನ್ನರು ಬಂದು ನೆಲೆಸಿದರು. ಅನಂತರ ಸ್ಕ್ಯಾಂಡಿನೇವಿಯದವರು ಬಂದರು. 1066ರಲ್ಲಿ ನಾರ್ಮನ್ನರು ಗೆದ್ದ ಮೇಲೆ ಆಸ್ಥಾನದ, ನ್ಯಾಯಾಲಯದ ಭಾಷೆ ಫ್ರೆಂಚ್ ಆಯಿತು. ಚರ್ಚಿನಲ್ಲಿ, ವಿದ್ಯಾಪೀಠಗಳಲ್ಲಿ ಲ್ಯಾಟಿನ್ ಇದ್ದೇ ಇತ್ತು. ಹೀಗೆ ನಾಲ್ಕು ದಿಕ್ಕಿನ ನೀರು ಒಂದೇ ಕೆರೆಗೆ ಬಿದ್ದಿತು.

ಕಾಲದ ಓಟದಲ್ಲಿ ಪದವು ತನ್ನ ಮೊದಲಿನ ಅರ್ಥವನ್ನು ಪೂರ್ತಿ ಕಳೆದುಕೊಳ್ಳುವುದೂ ಉಂಟು. ಒಳ್ಳೆಯದೆಲ್ಲವನ್ನೂ ಇಂದು ‘ನೈಸ್’ ಎನ್ನುತ್ತೇವೆ. ಅದರ ಲ್ಯಾಟಿನ್ ಮೂಲದ ಅರ್ಥ ‘ಅಜ್ಞಾನಿ’! ಅಜ್ಞಾನಿಯಿಂದ ಮೂರ್ಖನಾಗಿ, ಮೂರ್ಖನಿಂದ ಅತಿ ನಾಜೂಕಿನವನಾಗಿ, ನಾಜೂಕಿನಿಂದ ಸೂಕ್ಷ್ಮವಾಗಿ, ಕೊನೆಗೆ ಆ ಪದವು ಚೆಂದವಾಯಿತು. ‘ಸಿಲ್ಲಿ’ ಎಂಬುದರ ಪಯಣ ಇದಕ್ಕೆ ವಿರುದ್ಧ. ಹಿಂದೆ ಧನ್ಯನೆಂಬ ಅರ್ಥವಿದ್ದ ಪದ ಇಂದು ಪೆದ್ದನೆಂಬಲ್ಲಿಗೆ ಇಳಿದಿದೆ.

ನಮ್ಮ ನುಡಿಯಲ್ಲಿಯೂ ಉಂಟು

ಇದನ್ನು ಕೇಳಿ ಇಂಗ್ಲಿಷ್ ಬಲು ವಿಚಿತ್ರವಾದ ಭಾಷೆಯೆಂದು ಯಾರೂ ಹೇಳಬಾರದು. ಸಂಸ್ಕೃತದ ಅಮರಕೋಶದಲ್ಲಿ ನಾನಾರ್ಥಗಳಿಗಾಗಿಯೇ ಒಂದು ವರ್ಗವಿದೆ. ಅಲ್ಲಿ ‘ಹರಿ’ ಎಂಬ ಎರಡಕ್ಷರಕ್ಕೆ ವಿಷ್ಣು, ಇಂದ್ರ, ಯಮ, ಸೂರ್ಯ, ಚಂದ್ರ, ಗಾಳಿ, ಸಿಂಹ, ಕುದುರೆ, ಹಾವು, ಗಿಳಿ, ಕಪಿ, ಕಪ್ಪೆ ಎಂದೆಲ್ಲ ಅರ್ಥಗಳಿವೆ. ಕನ್ನಡಕ್ಕೆ ಬಂದರೆ ಅದೇ ಧ್ವನಿಯ ‘ಹರಿ’ ನೀರಾಗಿ ಹರಿಯುತ್ತದೆ, ಬಟ್ಟೆಯಾಗಿ ಹರಿಯುತ್ತದೆ.

ನಮ್ಮ ‘ವಚನ’ವನ್ನೇ ನೋಡೋಣ. ಶರಣರ ನುಡಿಯೂ ವಚನ, ಕೊಟ್ಟ ಭಾಷೆಯೂ ವಚನ, ವ್ಯಾಕರಣದ ಏಕವಚನ ಬಹುವಚನಗಳೂ ವಚನ. ಎದೆಯ ಮೇಲಿನ ಲಿಂಗವೂ ಪುಲ್ಲಿಂಗ ಸ್ತ್ರೀಲಿಂಗಗಳ ಲಿಂಗವೂ ಒಂದೇ ಪದವೆಂದು ಯಾವ ಮಗುವೂ ಗೊಂದಲಗೊಂಡದ್ದನ್ನು ನಾನು ಕಂಡಿಲ್ಲ.

“ಹತ್ತು ಗಂಟೆಗೆ ಬಸ್ಸು ಹತ್ತಿದೆ, ಕೂತ ಕೂಡಲೇ ನಿದ್ದೆ ಹತ್ತಿತು, ಎದ್ದು ನೋಡಿದರೆ ಬಣವೆಗೆ ಬೆಂಕಿ ಹತ್ತಿತ್ತು” ಎಂದು ಯಾರಾದರೂ ಹೇಳಿದರೆ ನಾವು ಒಂದು ಕ್ಷಣವೂ ತಡವರಿಸುವುದಿಲ್ಲ. ಗಂಟೆಯ ಪಕ್ಕದ ಹತ್ತು ಸಂಖ್ಯೆ. ಬಸ್ಸಿನ ಪಕ್ಕದ ಹತ್ತು ಏರುವುದು. ನಿದ್ದೆಯ ಪಕ್ಕದ ಹತ್ತು ಆವರಿಸುವುದು. ಬೆಂಕಿಯ ಪಕ್ಕದ ಹತ್ತು ಉರಿಯತೊಡಗುವುದು. ನೆರೆಯ ಪದವೇ ಅರ್ಥವನ್ನು ಹೇಳಿಕೊಡುತ್ತದೆ. ಮಾತೃಭಾಷೆಯಲ್ಲಿ ಇದನ್ನು ನಾವು ತೊಟ್ಟಿಲಿನಿಂದಲೇ ಕಲಿತಿದ್ದೇವೆ. ಇಂಗ್ಲಿಷಿನಲ್ಲಿ ಮಾತ್ರ ಪದವನ್ನು ಅದರ ಮನೆಯಿಂದ ಕಿತ್ತು ತಂದು, ವಹಿಯ ಎಡ ಅಂಕಣದಲ್ಲಿ ಒಂಟಿಯಾಗಿ ನಿಲ್ಲಿಸುತ್ತೇವೆ. ನಮ್ಮ ಮಕ್ಕಳ ತೊಡಕಿಗೆ ಮೂಲವಿರುವುದು ಇಲ್ಲಿ.

ದವಾಖಾನೆ, ಬ್ಯಾಂಕು, ಕಚೇರಿ

ಪಠ್ಯಪುಸ್ತಕದಲ್ಲಿ ಅರ್ಥ ತಪ್ಪಿದರೆ ಒಂದು ಅಂಕ ಹೋಗುತ್ತದೆ. ದವಾಖಾನೆಯಲ್ಲಿ, ಕಚೇರಿಯಲ್ಲಿ ತಪ್ಪಿದರೆ ಮನಶ್ಶಾಂತಿ ಹೋಗುತ್ತದೆ. ಕೆಲವೊಮ್ಮೆ ಹೊಲವೇ ಹೋಗುತ್ತದೆ.

ವೈದ್ಯಕೀಯ ಪರೀಕ್ಷೆ ಎಂಬುದು ಒಂದು ಪ್ರಶ್ನೆ: ಹುಡುಕುತ್ತಿರುವ ವಸ್ತು ಕಂಡಿತೆ, ಇಲ್ಲವೆ? ಕಂಡರೆ ‘ಪಾಸಿಟಿವ್’, ಕಾಣದಿದ್ದರೆ ‘ನೆಗೆಟಿವ್’. ಅದು ಒಳಿತೋ ಕೆಡುಕೋ ಎಂಬುದು ಹುಡುಕಿದ್ದೇನು ಎಂಬುದರ ಮೇಲೆ ನಿಲ್ಲುತ್ತದೆ. ಮಗುವಿನ ನಿರೀಕ್ಷೆಯಲ್ಲಿರುವ ಸೊಸೆಯ ಪರೀಕ್ಷೆ ಪಾಸಿಟಿವ್ ಬಂದರೆ ಮನೆಯಲ್ಲಿ ಸಕ್ಕರೆ ಹಂಚುತ್ತಾರೆ. 2020ರಲ್ಲಿ ಕೊರೋನಾ ಬಂದಾಗ ಅದೇ ಪದವನ್ನು ಕೇಳಿ ಓಣಿ ಓಣಿಗಳು ಬಾಗಿಲು ಹಾಕಿಕೊಂಡವು. ರಕ್ತದ ಗುಂಪಿನ ಮುಂದಿರುವ ಪಾಸಿಟಿವ್ ಶುಭವೂ ಅಲ್ಲ, ಅಶುಭವೂ ಅಲ್ಲ. ಆರ್‌ಎಚ್ ಎಂಬ ಅಂಶ ಆ ರಕ್ತದಲ್ಲಿದೆ ಎಂದಷ್ಟೇ ಅದರ ಅರ್ಥ. ಸ್ಕ್ಯಾನ್ ವರದಿಯಲ್ಲಿ ‘ಅನ್‌ರಿಮಾರ್ಕಬಲ್’ ಎಂದಿದ್ದರೆ ಗಾಬರಿಯಾಗಬೇಕಾಗಿಲ್ಲ. ಹೇಳಿಕೊಳ್ಳುವಂಥ ದೋಷವೇನೂ ಕಾಣಲಿಲ್ಲವೆಂದು ಅದರ ತಾತ್ಪರ್ಯ. ‘ಅಕ್ಯೂಟ್’ ಎಂದರೆ ವೈದ್ಯರ ಭಾಷೆಯಲ್ಲಿ ಹಠಾತ್ತನೆ ಬಂದದ್ದು. ‘ಕ್ರಾನಿಕ್’ ಎಂದರೆ ಬಹುಕಾಲದಿಂದ ಇರುವುದು.

ಬ್ಯಾಂಕಿನಲ್ಲಿ ‘ಇಂಟರೆಸ್ಟ್’ ಎಂದರೆ ಬಡ್ಡಿ, ಶಾಲೆಯಲ್ಲಿ ಆಸಕ್ತಿ, ಆಸ್ತಿಯ ಪತ್ರದಲ್ಲಿ ಹಕ್ಕು ಅಥವಾ ಹಿತಸಂಬಂಧ. ‘ಪ್ರಿನ್ಸಿಪಲ್’ ಎಂದರೆ ಕಾಲೇಜಿನಲ್ಲಿ ಮುಖ್ಯಸ್ಥರು, ಸಾಲದ ಪತ್ರದಲ್ಲಿ ಅಸಲು. ‘ಸ್ಯಾಂಕ್ಷನ್’ ಎಂಬುದಂತೂ ತನಗೆ ತಾನೇ ವಿರುದ್ಧವಾದದ್ದು. ಸಾಲ ಸ್ಯಾಂಕ್ಷನ್ ಆದರೆ ಮಂಜೂರಾಯಿತು. ಒಂದು ದೇಶದ ಮೇಲೆ ಸ್ಯಾಂಕ್ಷನ್ ಹಾಕಿದರೆ ನಿರ್ಬಂಧ ವಿಧಿಸಿದರು.

ಕರಾರುಪತ್ರದಲ್ಲಿ ‘ಕನ್ಸಿಡರೇಷನ್’ ಎಂಬ ಪದವನ್ನು ಕಂಡು, ಪರಿಶೀಲಿಸುತ್ತಾರೇನೋ, ದಯೆ ತೋರುತ್ತಾರೇನೋ ಎಂದು ನಂಬುವವರುಂಟು. 1872ರ ಭಾರತೀಯ ಕರಾರು ಕಾಯಿದೆಯಲ್ಲಿ ಅದರ ಅರ್ಥ ಪ್ರತಿಫಲ. ಕ್ರಯಪತ್ರದಲ್ಲಿ ಆ ಪದದ ಮುಂದಿರುವುದೇ ಹೊಲದ ಬೆಲೆ. ಅಲ್ಲಿಯ ‘ಎಕ್ಸಿಕ್ಯೂಟ್’ ಎಂದರೆ ಪತ್ರವನ್ನು ಸಹಿ ಹಾಕಿ ಬರೆದುಕೊಡುವುದು. ಅದೇ ಪದಕ್ಕೆ ಮರಣದಂಡನೆಯನ್ನು ಜಾರಿಗೊಳಿಸುವುದು ಎಂಬ ಅರ್ಥವೂ ಇದೆ.

‘ವಿಲ್’ ಎಂದರೆ ಇಚ್ಛೆ; ಭವಿಷ್ಯತ್ಕಾಲವನ್ನು ಹೇಳುವ ಸಹಾಯಕ ಕ್ರಿಯಾಪದವೂ ಅದೇ; ಹಿರಿಯರು ಬರೆದಿಡುವ ಮರಣಶಾಸನವೂ ಅದೇ. ಆ ಕೊನೆಯ ಅರ್ಥದಲ್ಲಿ ಅದು ಕನ್ನಡಕ್ಕೆ ಬಂದು ‘ಉಯಿಲು’ ಆಗಿ, ಅಚ್ಚಗನ್ನಡ ಪದದಂತೆ ಬೆರೆತುಹೋಗಿದೆ.

ವಧೂವರರ ಜಾಹೀರಾತುಗಳಲ್ಲಿ ‘ಇಶ್ಯೂಲೆಸ್’ ಎಂಬ ಪದವನ್ನು ಅನೇಕರು ಕಂಡಿರಬಹುದು. ತಕರಾರಿಲ್ಲದ, ವ್ಯಾಜ್ಯವಿಲ್ಲದ ಸಂಬಂಧವೆಂದು ಒಬ್ಬ ತಾಯಿ ಅದನ್ನು ಅರ್ಥೈಸಿದ್ದರು. ಅಲ್ಲಿ ‘ಇಶ್ಯೂ’ ಎಂದರೆ ಸಂತಾನ. ಮೊದಲ ಮದುವೆಯಿಂದ ಮಕ್ಕಳಿಲ್ಲ ಎಂಬುದು ಭಾವ. ಹೊರಗೆ ಬರುವುದು ಎಂಬ ಮೂಲಾರ್ಥದಿಂದ ಮಕ್ಕಳೂ ಇಶ್ಯೂ, ಪತ್ರಿಕೆಯ ಸಂಚಿಕೆಯೂ ಇಶ್ಯೂ, ನ್ಯಾಯಾಲಯದಲ್ಲಿ ತೀರ್ಮಾನವಾಗಬೇಕಾದ ವಾದಾಂಶವೂ ಇಶ್ಯೂ.

ಇಂಗ್ಲಿಷನ್ನು ತೊಟ್ಟಿಲಲ್ಲಿ ಕಲಿತವರೂ ಎಡವುತ್ತಾರೆಂಬುದಕ್ಕೆ ಒಂದು ನಿದರ್ಶನವುಂಟು. ಒಂದು ವಿಷಯವನ್ನು ‘ಟೇಬಲ್’ ಮಾಡುವುದೆಂದರೆ ಬ್ರಿಟನ್ನಿನಲ್ಲಿ ಅದನ್ನು ಚರ್ಚೆಗೆ ಮಂಡಿಸುವುದು. ಅಮೆರಿಕದಲ್ಲಿ ಅದನ್ನು ಬದಿಗಿಡುವುದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಈ ಪದದ ದೆಸೆಯಿಂದ ಎರಡೂ ಕಡೆಯ ಅಧಿಕಾರಿಗಳು ಬಹಳ ಹೊತ್ತು ವಾದಿಸಿದರೆಂದೂ, ಇಬ್ಬರ ಬಯಕೆಯೂ ಒಂದೇ ಆಗಿತ್ತೆಂದು ಆಮೇಲೆ ತಿಳಿಯಿತೆಂದೂ ಚರ್ಚಿಲ್ ತಮ್ಮ ಯುದ್ಧದ ಇತಿಹಾಸದಲ್ಲಿ ಬರೆದಿದ್ದಾರೆ. ಅಂಥವರೇ ಎಡವಿದ ಮೇಲೆ ನಮ್ಮ ಹಳ್ಳಿಯ ಹುಡುಗನು ನಾಚಬೇಕಾದ ಕಾರಣವಿಲ್ಲ.

ಮನೆಯಲ್ಲಿ ಮಾಡಬಹುದಾದದ್ದು

ಇದಕ್ಕೆ ಪರಿಹಾರವು ದುಬಾರಿಯಲ್ಲ. ಮಕ್ಕಳು ಹೊಸ ಪದವನ್ನು ಬರೆದುಕೊಳ್ಳುವಾಗ ಅದರ ಮುಂದೆ ಅರ್ಥವನ್ನಷ್ಟೇ ಬರೆಯದೆ, ಆ ಪದವಿದ್ದ ವಾಕ್ಯವನ್ನೂ ಬರೆಯಲಿ. ಕೆಳಗೆ ನಾಲ್ಕು ಗೆರೆ ಖಾಲಿ ಬಿಡಲಿ; ಅದೇ ಪದ ಬೇರೊಂದು ಅರ್ಥದಲ್ಲಿ ಮತ್ತೆ ಎದುರಾಗದೆ ಇರುವುದಿಲ್ಲ. ನಿಘಂಟನ್ನು ತೆರೆದಾಗ ಮೊದಲ ಅರ್ಥಕ್ಕೇ ನಿಲ್ಲದೆ ಕೊನೆಯವರೆಗೆ ಓದಿ, ವಾಕ್ಯಕ್ಕೆ ಹೊಂದುವುದನ್ನು ಆಯ್ದುಕೊಳ್ಳುವ ರೂಢಿಯನ್ನು ಹಿರಿಯರು ಹಾಕಿಕೊಡಲಿ. ಊಟವಾದ ಮೇಲೆ ಒಂದು ಪದವನ್ನು ಹಿಡಿದು, ಯಾರು ಹೆಚ್ಚು ಅರ್ಥ ಹೇಳುವರೋ ನೋಡೋಣವೆಂದು ಆಟವಾಡಿದರೆ ಅಜ್ಜ ಅಜ್ಜಿಯರೂ ಕೂಡಿಕೊಳ್ಳಬಹುದು. ಟ್ಯಾಬ್ಲೆಟ್ ಎಂದರೆ ಅಜ್ಜಿಗೆ ಗುಳಿಗೆ, ಮೊಮ್ಮಗಳಿಗೆ ಬೆರಳಿನಿಂದ ಮುಟ್ಟಿ ಓದುವ ಹಲಗೆ. ವೈರಸ್ ಎಂದರೆ ಅಜ್ಜನಿಗೆ ರೋಗಾಣು, ಮೊಮ್ಮಗನಿಗೆ ಕಂಪ್ಯೂಟರನ್ನು ಕೆಡಿಸುವ ಕೇಡು.

ಎಲ್ಲಕ್ಕಿಂತ ಮುಖ್ಯವಾದದ್ದು, ಕೇಳುವ ಧೈರ್ಯ. ವೈದ್ಯರ ಮುಂದೆ, ಬ್ಯಾಂಕಿನ ಅಧಿಕಾರಿಯ ಮುಂದೆ, ವಕೀಲರ ಮುಂದೆ “ಇದರ ಅರ್ಥವನ್ನು ಕನ್ನಡದಲ್ಲಿ ತಿಳಿಸಿರಿ” ಎಂದು ಕೇಳುವುದು ಅಜ್ಞಾನದ ಗುರುತಲ್ಲ. ತಿಳಿಯದ ಕಾಗದಕ್ಕೆ ತಿಳಿದವರಂತೆ ಸಹಿ ಹಾಕುವುದೇ ಅಪಾಯದ ದಾರಿ.

ನಮ್ಮ ದೊಡ್ಡಪ್ಪನವರು ಆ ರಾತ್ರಿಯ ತರುವಾಯ ಹನ್ನೊಂದು ವರ್ಷ ಬಾಳಿದರು. ಅಂದು ವರದಿ ಓದಿದ ಹುಡುಗನು ಈಗ ಔಷಧಿ ಅಂಗಡಿಯನ್ನಿಟ್ಟುಕೊಂಡಿದ್ದಾನೆ. ಹಳ್ಳಿಯಿಂದ ಬಂದವರು ವರದಿಯನ್ನು ಕೈಗಿತ್ತು “ಏನೈತ್ರಿ ಇದ್ರಾಗ?” ಎಂದು ಕೇಳಿದಾಗ ಅವನು ಕಾಗದವನ್ನು ಬಿಚ್ಚುವ ಮೊದಲೇ ಒಂದು ಪ್ರಶ್ನೆ ಕೇಳುತ್ತಾನೆ: “ಯಾವುದರ ಪರೀಕ್ಷಾ ಮಾಡಿಸಿದ್ರಿ?” ಆಮೇಲೆ ಇಡೀ ವಾಕ್ಯವನ್ನು ಓದಿ, ವೈದ್ಯರನ್ನು ಕಾಣುವವರೆಗೆ ಯಾವ ನಿರ್ಧಾರಕ್ಕೂ ಬರಬೇಡಿರೆಂದು ಹೇಳಿ ಕಳುಹಿಸುತ್ತಾನೆ. ಮೂರು ವರ್ಷ ತರಗತಿಯಲ್ಲಿ ನಾನು ಕಲಿಸದೆ ಹೋದ ಪಾಠವನ್ನು ಅವನು ಒಂದೇ ರಾತ್ರಿಯಲ್ಲಿ ಕಲಿತಿದ್ದನು.